ಹಾಲು ಬೇಕಾದಷ್ಟಿದೆ, ಹೆಪ್ಪು ಸಾಲದು

(ಸಣ್ಣ ಗ್ಯಾಲಕ್ಸಿಗಳಲ್ಲಿ ನಕ್ಷತ್ರ ಹೇಗೆ ಹುಟ್ಟುತ್ತದೆ ಅನ್ನೋದರ ಬಗ್ಗೆ ಜನವರಿಯ ಕೊನೆಯ ಶನಿವಾರ ಸಂಜೆ ಜಯನಗರದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಮಾತಿನಲ್ಲೇ ಹೇಳಬೇಕಾಯಿತು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರುವಿನಲ್ಲೇ ನಿಮಗೊಂದು ಕೆಲಸ ಕೊಡುತ್ತೇನೆ. ಇವತ್ತು ಮನೆಗೆ ಹೋದ ಮೇಲೆ, ಒಂಬತ್ತು ಗಂಟೆ ಹೊತ್ತಿಗೆ ತಾರಸಿ ಹತ್ತಿ. ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಸ್ವಲ್ಪ ಎಡಕ್ಕೆ, ಬೆಳ್ಳಗೆ ಹೊಳೆಯುವ ಒಂದು ನಕ್ಷತ್ರ ಕಾಣುತ್ತದೆ. ಅದು ಅಗಸ್ತ್ಯ. ಕಮಂಡಲದಲ್ಲಿ ಕಾವೇರಿಯನ್ನು ಹಿಡಿದಿಟ್ಟ ಋಷಿಯ ಹೆಸರು. ಬೆಂಗಳೂರಿನ ಇಷ್ಟು ದೀಪಗಳ ನಡುವೆಯೂ ಅದು ಎದ್ದು ಕಾಣುತ್ತದೆ.

ಈಗ ಕೈ ಮುಂದಕ್ಕೆ ಚಾಚಿ ಮುಷ್ಟಿ ಕಟ್ಟಿ. ಆ ಮುಷ್ಟಿ ಆಕಾಶದಲ್ಲಿ ಹೆಚ್ಚುಕಡಿಮೆ 10 ಡಿಗ್ರಿ ಮುಚ್ಚುತ್ತದೆ. ಅದನ್ನು ನೇರ ದಕ್ಷಿಣದಲ್ಲಿ, ನೆಲ ಆಕಾಶ ಸೇರುವ ಗೆರೆಯ ಮೇಲೆ ಇಟ್ಟ ಹಾಗೆ ಹಿಡಿಯಿರಿ. ಮುಷ್ಟಿಯ ಹಿಂದೆ, ಗೆರೆಯಿಂದ 7 ಡಿಗ್ರಿ ಎತ್ತರದಲ್ಲಿ, ಒಂದು ಇಡೀ ಗ್ಯಾಲಕ್ಸಿ ಇದೆ. ಹೆಸರು ದೊಡ್ಡ ಮೆಗೆಲಾನಿಕ್ ಮೋಡ. ದೂರ ಸುಮಾರು 1,60,000 ಜ್ಯೋತಿರ್ವರ್ಷ.

ಕಣ್ಣಿಗೆ ಕಾಣುವುದಿಲ್ಲ. ಕನಕಪುರ ರಸ್ತೆಯ ಕಟ್ಟಡಗಳು, ದೂಳು, ಬೀದಿದೀಪ, ಎಲ್ಲ ಅಡ್ಡ ನಿಂತಿವೆ. ಕನ್ಯಾಕುಮಾರಿಗೆ ಹೋದರೆ ಇನ್ನೊಂದು 5 ಡಿಗ್ರಿ ಮೇಲೆ ಬರುತ್ತದೆ, ಅಷ್ಟೇ. 1987ರ ಫೆಬ್ರವರಿಯಲ್ಲಿ ಅದರೊಳಗೆ ಒಂದು ನಕ್ಷತ್ರ ಸಿಡಿಯಿತು. ಆಗ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಿಂದ, ಎಂಟೇ ಡಿಗ್ರಿ ಎತ್ತರದಲ್ಲಿದ್ದ ಆ ಬೆಳಕನ್ನು ಹಿಡಿದು ಅದರ ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆದರು. ಕಾವಲೂರು ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರದ್ದು. ಅಷ್ಟು ಕೆಳಗೆ ದೂರದರ್ಶಕ ಬಗ್ಗಿಸಿ ಕೆಲಸ ಮಾಡುವುದು ಎಷ್ಟು ಕಷ್ಟ ಅಂತ ಆ ಕೆಲಸ ಮಾಡಿದವರಿಗೇ ಗೊತ್ತು.

ಈ ಮೋಡ ಮತ್ತು ಇದರ ತಂಗಿ ಚಿಕ್ಕ ಮೆಗೆಲಾನಿಕ್ ಮೋಡ, ಇವೆರಡನ್ನೂ ಸಾಮಾನ್ಯವಾಗಿ ಅನಿಯತ ಗ್ಯಾಲಕ್ಸಿ ಅಂತ ಕರೆಯುತ್ತಾರೆ. ನಾವಿರುವ ಗ್ಯಾಲಕ್ಸಿ ಕ್ಷೀರಪಥಕ್ಕೆ ಸುರುಳಿ ತೋಳುಗಳಿವೆ. ಇನ್ನು ಕೆಲವು ಗ್ಯಾಲಕ್ಸಿಗಳು ಮೊಟ್ಟೆಯ ಹಾಗೆ ನುಣ್ಣಗಿವೆ. ಈ ಎರಡೂ ಅಲ್ಲದವು ಅನಿಯತ. ಎಡ್ವಿನ್ ಹಬಲ್ 1926ರಲ್ಲಿ ಗ್ಯಾಲಕ್ಸಿಗಳನ್ನು ಆಕಾರ ನೋಡಿ ವಿಂಗಡಿಸಿದಾಗ ಈ ಗುಂಪಿಗೆ ಬಿದ್ದವು ಸುಮಾರು 3 ಪರ್ಸೆಂಟ್ ಮಾತ್ರ. ಹೆಚ್ಚಿನವು ಸಣ್ಣವು, ಮಂಕು. ಆಗಿನ ಫೋಟೋಗಳಲ್ಲಿ ಸಿಗುತ್ತಲೇ ಇರಲಿಲ್ಲ. ಸಣ್ಣವನ್ನೂ ಲೆಕ್ಕಕ್ಕೆ ತಗೊಂಡರೆ ವಿಶ್ವದಲ್ಲಿ ದೊಡ್ಡ ಗ್ಯಾಲಕ್ಸಿಗಳಿಗಿಂತ ಚಿಕ್ಕವೇ ಜಾಸ್ತಿ.

ಈ ಹೆಸರು ನನಗೆ ಇಷ್ಟವಿಲ್ಲ. 'ಅನಿಯತ' ಅಂದರೆ ಏನೋ ಕೆಟ್ಟುಹೋಗಿದೆ ಅನ್ನೋ ಭಾವನೆ ಬರುತ್ತದೆ. ಕೆಟ್ಟದ್ದೇನೂ ಇಲ್ಲ. ನಕ್ಷತ್ರ ಹೇಗೆ ಹುಟ್ಟುತ್ತದೆ ಅಂತ ತಿಳಿಯಬೇಕಾದರೆ ಇವುಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಸುರುಳಿ ತೋಳುಗಳ ಗದ್ದಲ ಇಲ್ಲ, ನಡುವೆ ಉಬ್ಬಿದ ಗುಡ್ಡೆ ಇಲ್ಲ. ಇರುವುದು ಅನಿಲ, ಒಂದಿಷ್ಟು ನಕ್ಷತ್ರ, ಮತ್ತೆ ಗುರುತ್ವ.

ಅನಿಲದ ವಿಷಯಕ್ಕೆ ಬರೋಣ. ಅದು ಹೈಡ್ರೋಜನ್. ತಣ್ಣಗಿರುವ ಹೈಡ್ರೋಜನ್ ಪರಮಾಣು ಕಣ್ಣಿಗೆ ಕಾಣುವ ಬೆಳಕು ಕೊಡುವುದಿಲ್ಲ. ಆದರೆ ಅದರೊಳಗಿನ ಎಲೆಕ್ಟ್ರಾನ್ ಒಮ್ಮೊಮ್ಮೆ ಮಗುಚಿಕೊಳ್ಳುತ್ತದೆ. ಆಗ 21 ಸೆಂಟಿಮೀಟರ್ ಉದ್ದದ ಒಂದು ರೇಡಿಯೋ ಅಲೆ ಹೊರಡುತ್ತದೆ. ಸರಿಸುಮಾರು ಒಂದು ಗೇಣು. ಒಂದು ಪರಮಾಣು ತಾನಾಗಿ ಹೀಗೆ ಮಗುಚಬೇಕಾದರೆ ಸರಾಸರಿ ಒಂದು ಕೋಟಿ ವರ್ಷಕ್ಕಿಂತ ಜಾಸ್ತಿ ಕಾಯಬೇಕು. ಆದರೂ ನಮಗೆ ಅಲೆ ಸಿಗುತ್ತದೆ. ಯಾಕೆಂದರೆ ಪರಮಾಣುಗಳು ಅಷ್ಟೊಂದಿವೆ. ಈ ಅಲೆ ಇರಬೇಕು ಅಂತ 1944ರಲ್ಲಿ ಹೇಳಿದ್ದು ಹಾಲೆಂಡಿನ ವ್ಯಾನ್ ಡೆ ಹುಲ್ಸ್ಟ್. 1951ರಲ್ಲಿ ಅಮೆರಿಕದಲ್ಲಿ ಯೂವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದೇಬಿಟ್ಟರು.

ನಮ್ಮ ದೇಶದಲ್ಲಿ ಈ ಅಲೆ ಹಿಡಿಯುವ ದೊಡ್ಡ ಬಲೆ ಪುಣೆಯಾಚೆ ಖೋಡದ್ ಅನ್ನೋ ಹಳ್ಳಿಯ ಹತ್ತಿರ ಇದೆ. ಜಿಎಂಆರ್‌ಟಿ, ಅಂದರೆ ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್. ಒಂದೊಂದು 45 ಮೀಟರ್ ಅಗಲದ 30 ತಟ್ಟೆಗಳು, 25 ಕಿಲೋಮೀಟರ್ ಹರವಿನಲ್ಲಿ ಚದುರಿಕೊಂಡಿವೆ. ಕಟ್ಟಿಸಿದವರು ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್. ತಟ್ಟೆ ಅಂದರೆ ತಗಡು ಅಂದುಕೊಳ್ಳಬೇಡಿ. ತೆಳು ತಂತಿಯ ಜಾಲರಿ. ಕೆಳಗೆ ನಿಂತು ನೋಡಿದರೆ ಅದರ ಮೂಲಕ ಆಕಾಶ ಕಾಣುತ್ತದೆ. ಒಂದು ಗೇಣಿನ ಅಲೆಗೆ ಆ ಸಣ್ಣ ಕಿಂಡಿಗಳು ಲೆಕ್ಕಕ್ಕೇ ಇಲ್ಲ, ಅದಕ್ಕೆ ಜಾಲರಿಯೇ ಗೋಡೆ. ಗಾಳಿ ಮಾತ್ರ ಆಚೆ ಹೋಗುತ್ತದೆ. ಈ 21 ಸೆಂಟಿಮೀಟರ್ ಅಲೆಗೆ ಬೇಕಾದ ರಿಸೀವರ್ ಮಾಡಿಕೊಟ್ಟಿದ್ದು ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ. ಮೇಖ್ರಿ ಸರ್ಕಲ್ ದಾಟುವಾಗ ಒಮ್ಮೆ ನೆನಪಿಸಿಕೊಳ್ಳಿ.

ನಾನು ಮೊದಲ ಸಲ ಇಂಥ ಒಂದು ಗ್ಯಾಲಕ್ಸಿಯ ನಕ್ಷೆ ಮಾಡಿದ ದಿನ ಚೆನ್ನಾಗಿ ನೆನಪಿದೆ. ರಾತ್ರಿಯಿಡೀ ಹಿಡಿದ ಅಲೆಗಳು. ಅದರಲ್ಲಿ ಗದ್ದಲವೇ ಮುಕ್ಕಾಲು ಪಾಲು. ಯಾರದ್ದೋ ಮೊಬೈಲ್, ಎಲ್ಲೋ ಕಿಡಿ ಹಾರಿಸುವ ವಿದ್ಯುತ್ ತಂತಿ, ಮೇಲೆ ಹಾದುಹೋದ ಉಪಗ್ರಹ. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಕೂತು ಆರಿಸಬೇಕು. ವಾರಗಟ್ಟಲೆ ಆರಿಸಿದೆ. ಕೊನೆಗೆ ಪರದೆಯ ಮೇಲೆ ಗೆರೆಗಳು ಮೂಡಿದವು, ಬೆಟ್ಟದ ನಕ್ಷೆಯಲ್ಲಿ ಎತ್ತರದ ಗೆರೆಗಳಿರುತ್ತವಲ್ಲ, ಹಾಗೆ. ಅದರ ಕೆಳಗೆ ಅದೇ ಗ್ಯಾಲಕ್ಸಿಯ ಸಾಮಾನ್ಯ ಫೋಟೋ ಇಟ್ಟೆ. ಫೋಟೋದಲ್ಲಿ ನಡುವೆ ಒಂದು ಮಸುಕು ಚುಕ್ಕೆ. ಗೆರೆಗಳು ಆ ಚುಕ್ಕೆಯನ್ನು ದಾಟಿ, ಇನ್ನೂ ದಾಟಿ, ಪರದೆಯ ಅಂಚಿನವರೆಗೆ ಹೋಗಿದ್ದವು. ನಕ್ಷೆಯ ಅಳತೆ ತಪ್ಪಿದೆ ಅಂತ ಮೂರು ಸಲ ಲೆಕ್ಕ ನೋಡಿದೆ. ಅಳತೆ ಸರಿಯಾಗೇ ಇತ್ತು.

ಇದು ಅದೊಂದರ ಕಥೆಯಲ್ಲ. ಆಯೇಷಾ ಬೇಗಂ, ಜಯರಾಂ ಚೆಂಗಲೂರು ಮತ್ತು ಜೊತೆಗಾರರು ಜಿಎಂಆರ್‌ಟಿಯಿಂದ ಅರವತ್ತಕ್ಕೂ ಹೆಚ್ಚು ಮಂಕು ಅನಿಯತ ಗ್ಯಾಲಕ್ಸಿಗಳನ್ನು ಅಳೆದು 2008ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ನಡುವಿನ ತೂಕದ್ದನ್ನು ತಗೊಂಡರೆ, ಅದರಲ್ಲಿರುವ ಹೈಡ್ರೋಜನ್ ಸುಮಾರು ಮೂರು ಕೋಟಿ ಸೂರ್ಯರಷ್ಟು. ಅದೇ ತಂಡ ಅಳೆದ ಎನ್‌ಜಿಸಿ 3741 ಅನ್ನೋ ಗ್ಯಾಲಕ್ಸಿ ಇನ್ನೂ ವಿಚಿತ್ರ. ಅದರ ಅನಿಲ, ಬೆಳಕು ಕಾಣುವ ಭಾಗಕ್ಕಿಂತ ಎಂಟು ಪಟ್ಟು ದೂರದವರೆಗೆ ಹರಡಿದೆ. ತಿಂಡಿ ತಟ್ಟೆಯ ನಡುವೆ ಎರಡು ರೂಪಾಯಿ ನಾಣ್ಯ ಇಟ್ಟು ನೋಡಿ. ನಾಣ್ಯದಷ್ಟು ಜಾಗದಲ್ಲಿ ನಕ್ಷತ್ರ, ತಟ್ಟೆ ಪೂರ್ತಿ ಅನಿಲ.

ಇಲ್ಲೇ ತೊಡಕು ಇರುವುದು. ನಕ್ಷತ್ರ ಆಗುವುದು ಅನಿಲದಿಂದ. ಹಾಗಾದರೆ ಅನಿಲ ಜಾಸ್ತಿ ಇದ್ದಲ್ಲಿ ನಕ್ಷತ್ರ ಜಾಸ್ತಿ ಹುಟ್ಟಬೇಕು, ಅಲ್ವಾ? ಹಾಗಾಗುತ್ತಿಲ್ಲ. ಡಬ್ಲ್ಯೂಎಲ್‌ಎಂ ಅಂತ ಒಂದು ಗ್ಯಾಲಕ್ಸಿ ಇದೆ. ವೋಲ್ಫ್, ಲುಂಡ್‌ಮಾರ್ಕ್, ಮೆಲೋಟ್ ಅನ್ನೋ ಮೂವರ ಹೆಸರಿನ ಮೊದಲ ಅಕ್ಷರಗಳು. ದೂರ 30 ಲಕ್ಷ ಜ್ಯೋತಿರ್ವರ್ಷ. ಅಲ್ಲಿ ನಕ್ಷತ್ರಗಳ ಒಟ್ಟು ತೂಕಕ್ಕಿಂತ ಅನಿಲದ ತೂಕವೇ ಹಲವು ಪಟ್ಟು. ಆದರೆ ಈಗ ಅಲ್ಲಿ ನೂರು ವರ್ಷ ಕಳೆದರೂ ಒಂದು ಸೂರ್ಯನಷ್ಟು ಹೊಸ ನಕ್ಷತ್ರ ಆಗುವುದಿಲ್ಲ. ನಮ್ಮ ಕ್ಷೀರಪಥದಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಆಗುತ್ತದೆ. ಇದೇ ವೇಗದಲ್ಲಿ ಹೋದರೆ ಡಬ್ಲ್ಯೂಎಲ್‌ಎಂ ತನ್ನ ಅನಿಲ ಮುಗಿಸಲು ವಿಶ್ವದ ಈಗಿನ ವಯಸ್ಸಿನಷ್ಟೇ ಕಾಲ ಬೇಕು.

ಒಂದು ಕಾರಣ ತೂಕ ಸಾಲದಿರುವುದು. ಅನಿಲದ ತಟ್ಟೆ ತಿರುಗುತ್ತಿರುತ್ತದೆ, ಅದಕ್ಕೆ ಒಳಗಿನಿಂದ ಒತ್ತಡವೂ ಇರುತ್ತದೆ. ಇವೆರಡನ್ನೂ ಗುರುತ್ವ ಸೋಲಿಸಿದರೆ ತಟ್ಟೆ ಉಂಡೆಉಂಡೆಯಾಗಿ ಒಡೆಯುತ್ತದೆ. ಯಾವಾಗ ಸೋಲಿಸುತ್ತದೆ ಅನ್ನೋ ಲೆಕ್ಕವನ್ನು 1964ರಲ್ಲಿ ಅಲಾರ್ ಟೂಮ್ರೆ ಕೊಟ್ಟರು. ಅದು ನಕ್ಷತ್ರಗಳ ತಟ್ಟೆಗೆ ಮಾಡಿದ ಲೆಕ್ಕ, ಆಮೇಲೆ ಅನಿಲಕ್ಕೂ ಒಗ್ಗಿಸಿಕೊಂಡರು. ನಕ್ಷತ್ರ ಮತ್ತು ಅನಿಲ ಒಂದಕ್ಕೊಂದು ಕೈಜೋಡಿಸಿದರೆ ಒಡೆಯುವುದು ಇನ್ನೂ ಸುಲಭ ಅಂತ 1984ರಲ್ಲಿ ತೋರಿಸಿದವರಲ್ಲಿ ಒಬ್ಬರು ಚಂದಾ ಜೋಗ್. ಮುಂದೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರಾಧ್ಯಾಪಕರಾದರು. ಅನಿಯತ ಗ್ಯಾಲಕ್ಸಿಗಳಲ್ಲಿ ಅನಿಲ ತೆಳ್ಳಗೆ ಹರಡಿದೆ, ಕೈಜೋಡಿಸಲು ನಕ್ಷತ್ರಗಳೂ ಕಮ್ಮಿ. ಲೆಕ್ಕದ ಪ್ರಕಾರ ಎಷ್ಟೋ ಕಡೆ ಒಡೆಯಲೇಬಾರದು. ಆದರೂ ಅಲ್ಲಲ್ಲಿ ಒಡೆಯುತ್ತದೆ, ನಕ್ಷತ್ರ ಹುಟ್ಟುತ್ತದೆ. ಹಾಗಾಗಿ ಈ ಲೆಕ್ಕ ಒಂದರಿಂದಲೇ ಕೆಲಸ ಆಗುವುದಿಲ್ಲ.

ಇನ್ನೊಂದು ಕಾರಣ ನನ್ನ ಪ್ರಕಾರ ಹೆಚ್ಚು ಮುಖ್ಯವಾದದ್ದು. ಅದಕ್ಕೆ ಅಡುಗೆಮನೆಗೆ ಹೋಗಬೇಕು.

ರಾತ್ರಿ ಹಾಲು ಕಾಯಿಸಿ, ಉಗುರುಬೆಚ್ಚಗೆ ಆದ ಮೇಲೆ ಒಂದು ಚಮಚ ಮೊಸರು ಹಾಕಿ ಕದಡಿ ಮುಚ್ಚಿಡುತ್ತೇವೆ. ಬೆಳಗ್ಗೆ ಮೊಸರು. ಹಾಲು ಲೀಟರುಗಟ್ಟಲೆ ಇರಬಹುದು. ಆ ಒಂದು ಚಮಚ ಇಲ್ಲದಿದ್ದರೆ ಅದು ಹಾಲಾಗೇ ಇರುತ್ತದೆ, ಇಲ್ಲ ಕೆಡುತ್ತದೆ. ಗ್ಯಾಲಕ್ಸಿಯಲ್ಲಿ ಹೈಡ್ರೋಜನ್ ಹಾಲಿದ್ದ ಹಾಗೆ. ಹೆಪ್ಪು ಯಾವುದು ಗೊತ್ತಾ? ದೂಳು. ಇಂಗಾಲ, ಸಿಲಿಕಾನ್, ಕಬ್ಬಿಣ, ಆಮ್ಲಜನಕ ಸೇರಿ ಆದ ತೀರಾ ಸಣ್ಣ ದೂಳಿನ ಕಣಗಳು.

ದೂಳು ಮೂರು ಕೆಲಸ ಮಾಡುತ್ತದೆ. ನಕ್ಷತ್ರ ಹುಟ್ಟುವ ಮೋಡಗಳಲ್ಲಿ ಹೈಡ್ರೋಜನ್ ಜೋಡಿಜೋಡಿಯಾಗಿ, ಅಣುವಾಗಿ ಇರುತ್ತದೆ. ಬಯಲಿನಲ್ಲಿ ಎರಡು ಪರಮಾಣು ಎದುರಾದರೆ ಅಂಟಿಕೊಳ್ಳುವುದಿಲ್ಲ. ಅಂಟುವಾಗ ಹೊರಬರುವ ಶಕ್ತಿಯನ್ನು ಯಾರಿಗಾದರೂ ಕೊಡಬೇಕು, ಕೊಡಲು ಯಾರೂ ಇಲ್ಲ, ಮತ್ತೆ ಬೇರೆಯಾಗಿ ಹೋಗುತ್ತವೆ. ದೂಳಿನ ಕಣದ ಮೈಮೇಲೆ ಕೂತಾಗ ಮಾತ್ರ ಆ ಶಕ್ತಿಯನ್ನು ಕಣಕ್ಕೆ ಕೊಟ್ಟು ಜೋಡಿಯಾಗಿ ಹೊರಡುತ್ತವೆ. ಎರಡನೆಯದು ನೆರಳು. ಹತ್ತಿರದ ಬಿಸಿ ನಕ್ಷತ್ರಗಳಿಂದ ಬರುವ ನೇರಳಾತೀತ ಕಿರಣ ಅಣುಗಳನ್ನು ಒಡೆದುಹಾಕುತ್ತದೆ. ದೂಳು ಆ ಕಿರಣವನ್ನು ತಡೆಯುತ್ತದೆ. ಏಪ್ರಿಲ್ ಮಧ್ಯಾಹ್ನ ಹೊಂಗೆ ಮರದ ಕೆಳಗೆ ನಿಂತದ್ದಕ್ಕೂ ಎಲೆ ಉದುರಿದ ಮರದ ಕೆಳಗೆ ನಿಂತದ್ದಕ್ಕೂ ಇರುವ ವ್ಯತ್ಯಾಸ ಅದು. ಮೂರನೆಯದು ತಂಪು. ಆ ನೆರಳಿನಲ್ಲೇ ಅನಿಲ ತನ್ನ ಬಿಸಿಯನ್ನು ಹೊರಗೆ ಕಳಿಸಿ, ಸಾವಿರಾರು ಡಿಗ್ರಿಯಿಂದ ಸೊನ್ನೆಗಿಂತ 260 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಅಷ್ಟು ತಣ್ಣಗಾದರೇನೇ ಗುರುತ್ವಕ್ಕೆ ಅದನ್ನು ಹಿಂಡಿ ನಕ್ಷತ್ರ ಮಾಡಲು ಸಾಧ್ಯ. ಹೋಲಿಕೆ ಇಲ್ಲೊಂದು ಕಡೆ ತಪ್ಪುತ್ತದೆ. ಮೊಸರಿಗೆ ಬೆಚ್ಚಗೆ ಬೇಕು, ಅದಕ್ಕೇ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಇಡುತ್ತೇವೆ. ನಕ್ಷತ್ರಕ್ಕೆ ಚಳಿಯೇ ಬೇಕು. ಉಳಿದದ್ದೆಲ್ಲ ಸರಿಹೋಗುತ್ತದೆ.

ಹೆಪ್ಪು ಎಲ್ಲಿಂದ ಬರುತ್ತದೆ? ನಿನ್ನೆಯ ಮೊಸರಿನಿಂದ. ದೂಳು ಎಲ್ಲಿಂದ? ನಿನ್ನೆಯ ನಕ್ಷತ್ರಗಳಿಂದ. ಇಂಗಾಲ, ಆಮ್ಲಜನಕ ತಯಾರಾಗುವುದು ನಕ್ಷತ್ರಗಳ ಹೊಟ್ಟೆಯಲ್ಲೇ. ಅವು ಸಾಯುವಾಗ ಹೊರಗೆ ಚೆಲ್ಲುತ್ತವೆ. ಕ್ಷೀರಪಥದಲ್ಲಿ ತಲೆಮಾರುಗಟ್ಟಲೆ ನಕ್ಷತ್ರಗಳು ಬಂದು ಹೋಗಿವೆ, ಹೆಪ್ಪು ಧಾರಾಳವಾಗಿದೆ. ಸಣ್ಣ ಗ್ಯಾಲಕ್ಸಿಗಳಲ್ಲಿ ಬಂದು ಹೋದವರೇ ಕಮ್ಮಿ. ಆಗಿದ್ದರಲ್ಲೂ ಒಂದಿಷ್ಟು, ಗುರುತ್ವದ ಹಿಡಿತ ಸಡಿಲ ಇರುವುದರಿಂದ, ಆಚೆ ಹಾರಿಹೋಗಿದೆ. ಸೂರ್ಯನಲ್ಲಿರುವ ಇಂಗಾಲ, ಆಮ್ಲಜನಕದಂಥ ಭಾರದ ಧಾತುಗಳನ್ನು ನೂರು ಅಂತ ಇಟ್ಟುಕೊಳ್ಳಿ. ದೊಡ್ಡ ಮೆಗೆಲಾನಿಕ್ ಮೋಡದಲ್ಲಿ ಸುಮಾರು ಐವತ್ತು, ಚಿಕ್ಕದರಲ್ಲಿ ಇಪ್ಪತ್ತು, ಡಬ್ಲ್ಯೂಎಲ್‌ಎಂನಲ್ಲಿ ಹದಿಮೂರು.

ಇದನ್ನು ಕಣ್ಣಾರೆ ತೋರಿಸಿದ ಒಂದು ಕೆಲಸ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದದ್ದು. ಹೈಡ್ರೋಜನ್ ಅಣು ಅಷ್ಟು ಚಳಿಯಲ್ಲಿ ಯಾವ ಅಲೆಯನ್ನೂ ಕೊಡುವುದಿಲ್ಲ, ಮೂಕ. ಹಾಗಾಗಿ ಖಗೋಳದವರು ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್ ಹುಡುಕುತ್ತಾರೆ. ಅದು ಮಿಲಿಮೀಟರ್ ಉದ್ದದ ಅಲೆಗಳಲ್ಲಿ ಮಾತಾಡುತ್ತದೆ. ಡಬ್ಲ್ಯೂಎಲ್‌ಎಂನಲ್ಲಿ ಅದು 2013ರಲ್ಲಿ, ತುಂಬಾ ಮಂಕಾಗಿ ಸಿಕ್ಕಿತು. ಆಮೇಲೆ ಮೋನಿಕಾ ರೂಬಿಯೋ, ಬ್ರೂಸ್ ಎಲ್ಮಗ್ರೀನ್, ಡೀಡ್ರೆ ಹಂಟರ್ ಮೊದಲಾದವರು ಚಿಲಿ ದೇಶದ ಮರುಭೂಮಿಯಲ್ಲಿ, 5,000 ಮೀಟರ್ ಎತ್ತರದಲ್ಲಿರುವ ಆಲ್ಮಾ ದೂರದರ್ಶಕವನ್ನು ಅತ್ತ ತಿರುಗಿಸಿದರು. 2015ರಲ್ಲಿ ಫಲಿತಾಂಶ ಬಂತು. ಅವರು ನೋಡಿದ ಜಾಗದಲ್ಲಿ ಸಿಕ್ಕಿದ್ದು ಹತ್ತು ಮೋಡ. ಒಂದೊಂದೂ ಈ ಕಡೆಯಿಂದ ಆ ಕಡೆಗೆ ಹದಿಮೂರು ಜ್ಯೋತಿರ್ವರ್ಷ, ತೂಕ ಸರಾಸರಿ ಎರಡು ಸಾವಿರ ಸೂರ್ಯರಷ್ಟು. ನಮ್ಮ ಕ್ಷೀರಪಥದ ದೊಡ್ಡ ಮೋಡಗಳು ಲಕ್ಷಗಟ್ಟಲೆ ಸೂರ್ಯರಷ್ಟು ತೂಗುತ್ತವೆ.

ಚಿತ್ರ ಹೀಗಿದೆ. ದೊಡ್ಡದೊಂದು ಅನಿಲದ ಮೋಡ. ಅದರ ಸುತ್ತ ಪರಮಾಣುಗಳ ಹೊದಿಕೆ. ಒಳಗೆ ಹೈಡ್ರೋಜನ್ ಅಣುಗಳು ಆಗಿವೆ, ಆದರೆ ಕಾರ್ಬನ್ ಮಾನಾಕ್ಸೈಡ್ ಉಳಿದಿಲ್ಲ, ಕಿರಣ ಒಡೆದುಹಾಕಿದೆ. ತೀರಾ ಒಳಗೆ, ನೆರಳು ದಟ್ಟವಾದ ಕಡೆ ಮಾತ್ರ ಅದು ಉಳಿದಿರುವ ಒಂದು ಸಣ್ಣ ಗಟ್ಟಿ. ಪಾತ್ರೆ ತುಂಬ ಹಾಲು, ತಳದಲ್ಲಿ ಅಂಗೈಯಷ್ಟು ಮೊಸರು. ಆ ಗಟ್ಟಿಯಲ್ಲಿ ನಕ್ಷತ್ರ ಹುಟ್ಟುವ ಬಗೆ ಮಾತ್ರ ನಮ್ಮಲ್ಲಿಯ ಹಾಗೇ ಕಾಣುತ್ತದೆ. ಗಟ್ಟಿ ಆಗುವ ತನಕ ಕಷ್ಟ, ಆದ ಮೇಲೆ ಎಲ್ಲ ಒಂದೇ.

ಹುಟ್ಟಿದ ನಕ್ಷತ್ರಗಳು ಸುಮ್ನೆ ಕೂರುವುದಿಲ್ಲ. ದೊಡ್ಡವು ಒಂದೆರಡು ಕೋಟಿ ವರ್ಷದಲ್ಲಿ ಸಿಡಿಯುತ್ತವೆ. ಹತ್ತಾರು ಒಂದೇ ಕಡೆ ಸಿಡಿದರೆ ಸುತ್ತಲಿನ ಅನಿಲವನ್ನು ಗುಳ್ಳೆಯ ಹಾಗೆ ಆಚೆ ನೂಕುತ್ತವೆ. ಸೆಕೆಂಡಿಗೆ ಹತ್ತೇ ಕಿಲೋಮೀಟರ್ ವೇಗದಲ್ಲಿ ನೂಕಿದರೂ ಒಂದು ಕೋಟಿ ವರ್ಷದಲ್ಲಿ 330 ಜ್ಯೋತಿರ್ವರ್ಷ ಆಯಿತು. ಸುರುಳಿ ಗ್ಯಾಲಕ್ಸಿಗಳಲ್ಲಿ ಒಳಭಾಗ ಬೇಗ, ಹೊರಭಾಗ ನಿಧಾನ ಸುತ್ತುವುದರಿಂದ ಇಂಥ ಗುಳ್ಳೆ ಎಳೆದಾಡಿ ಹರಿದುಹೋಗುತ್ತದೆ. ಅನಿಯತ ಗ್ಯಾಲಕ್ಸಿಗಳ ಬಹುಭಾಗ ರಾಗಿಕಲ್ಲಿನ ಹಾಗೆ ಒಟ್ಟಿಗೆ ತಿರುಗುತ್ತದೆ. ಗುಳ್ಳೆ ಹರಿಯುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಐಸಿ 2574 ಅನ್ನೋ ಗ್ಯಾಲಕ್ಸಿಯ ಅನಿಲದ ನಕ್ಷೆಯಲ್ಲಿ 1999ರಲ್ಲಿ ಎಣಿಸಿದಾಗ 48 ತೂತುಗಳಿದ್ದವು. ನೀರುದೋಸೆ ಹುಯ್ದ ಹಾಗೆ.

ನೂಕಿದ ಅನಿಲ ಗುಳ್ಳೆಯ ಅಂಚಿನಲ್ಲಿ ಒತ್ತೊತ್ತಾಗಿ ಸೇರುತ್ತದೆ. ಅಲ್ಲಿ ಹೊಸ ನಕ್ಷತ್ರ ಹುಟ್ಟುತ್ತದಾ? ಇದನ್ನು ನೋಡಲು ಎಳೆಯ ನಕ್ಷತ್ರಗಳ ನೇರಳಾತೀತ ಬೆಳಕು ಬೇಕು. ಅದು ನೆಲಕ್ಕೆ ಬರುವುದಿಲ್ಲ, ಗಾಳಿ ತಡೆಯುತ್ತದೆ. 2015ರ ಸೆಪ್ಟೆಂಬರ್ 28ರಂದು ಮೇಲೆ ಹೋದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅದಕ್ಕೇ ಒಂದು ದೂರದರ್ಶಕ ಇದೆ, ಯುವಿಐಟಿ. ಅದನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ. ಕೋಲಾರದ ಕಡೆ ಹೋಗುವಾಗ ದಾಟುತ್ತೇವಲ್ಲ, ಅದೇ ಹೊಸಕೋಟೆ. ಕೋರಮಂಗಲದ ಅದೇ ಸಂಸ್ಥೆಯವರು ಈ ದೂರದರ್ಶಕದಿಂದ ಐಸಿ 2574ನ್ನು ನೋಡಿ, ತೂತುಗಳ ನಕ್ಷೆಯ ಮೇಲೆ ಎಳೆಯ ನಕ್ಷತ್ರಗಳನ್ನು ಇಟ್ಟು ಹೋಲಿಸಿದರು. ಕೆಲವು ತೂತುಗಳ ಅಂಚಿನಲ್ಲಿ ಹೊಸ ನಕ್ಷತ್ರಗಳು ಸಾಲಾಗಿ ಕೂತಿದ್ದವು. ಆದರೆ ಎಲ್ಲ ಹುಟ್ಟಿಗೂ ಗುಳ್ಳೆಯೇ ಕಾರಣ ಅನ್ನಲು ಆಗಲಿಲ್ಲ. ಅನಿಲ ತಾನಾಗಿ ದಟ್ಟವಾದ ಕಡೆಯೂ ನಕ್ಷತ್ರಗಳು ಇದ್ದವು. ನನಗೆ ಈ ಉತ್ತರ ಹಿಡಿಸಿತು. ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟಿಹಾಕಲು ಅವರು ಹೋಗಲಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ: "ಮೇಡಂ, ಜೇಮ್ಸ್ ವೆಬ್ ಈಗ ವಿಶ್ವದ ಆದಿಕಾಲವನ್ನೇ ನೋಡ್ತಿದೆ. ಇನ್ನೂ ಈ ಹತ್ತಿರದ ಸಣ್ಣ ಗ್ಯಾಲಕ್ಸಿಗಳು ಯಾಕೆ ಬೇಕು?"

ಒಳ್ಳೆಯ ಪ್ರಶ್ನೆ. ವೆಬ್ ದೂರದರ್ಶಕಕ್ಕೆ ಆ ಕಾಲದ ಗ್ಯಾಲಕ್ಸಿಗಳು ಕೆಲವೇ ಚುಕ್ಕೆಗಳಾಗಿ ಕಾಣುತ್ತವೆ. ಅಲ್ಲಿಯೂ ಹೆಪ್ಪು ಕಮ್ಮಿ ಅಂತ ಗೊತ್ತಾಗುತ್ತದೆ. ಆದರೆ ಒಂದೊಂದು ಮೋಡ ಬೇರೆಬೇರೆಯಾಗಿ ಕಾಣುವುದಿಲ್ಲ. ಹದಿಮೂರು ಜ್ಯೋತಿರ್ವರ್ಷದ ಮೋಡ ಎಣಿಸಲು ಆಗುವುದು ಡಬ್ಲ್ಯೂಎಲ್‌ಎಂನಂಥ ನೆರೆಮನೆಯಲ್ಲೇ. ದೂರದ್ದನ್ನು ಓದಲು ಹತ್ತಿರದ್ದು ನಮ್ಮ ವರ್ಣಮಾಲೆ.

ಆಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಮೈಕ್ ಕೇಳಿ ತಗೊಂಡರು. "ಅಲ್ಲಮ್ಮಾ, ಹೆಪ್ಪು ನಿನ್ನೆಯ ಮೊಸರಿಂದ ಬರುತ್ತೆ ಅಂದೆ. ಮೊಟ್ಟಮೊದಲ ಸಲ ಹೇಗಾಯ್ತು? ನಿನ್ನೆಯೇ ಇಲ್ಲವಲ್ಲ."

ನಾನು ಉತ್ತರ ಕೊಡುವ ಮೊದಲೇ ಅವರೇ ಮುಂದುವರಿಸಿದರು. "ನಮ್ಮ ಮನೇಲಿ ಹೆಪ್ಪು ಇಲ್ಲದಿದ್ರೆ ಮೆಣಸಿನಕಾಯಿ ತೊಟ್ಟು ಹಾಕ್ತಿದ್ವಿ."

ಹಾಗೇ ಆಗಿದ್ದು ಅಂದೆ. ಮೊದಲ ನಕ್ಷತ್ರಗಳ ಕಾಲದಲ್ಲಿ ದೂಳು ಒಂದು ಚೂರೂ ಇರಲಿಲ್ಲ. ಆದರೆ ಅನಿಲದಲ್ಲಿ ಅಲ್ಲೊಂದು ಇಲ್ಲೊಂದು ಬಿಡಿ ಎಲೆಕ್ಟ್ರಾನ್ ಅಲೆಯುತ್ತಿತ್ತು. ಅದು ಒಂದು ಹೈಡ್ರೋಜನ್ ಪರಮಾಣುವಿಗೆ ಅಂಟುತ್ತದೆ. ಆಗ ಇನ್ನೊಂದು ಪರಮಾಣು ಬಂದು ಸೇರಲು ದಾರಿಯಾಗುತ್ತದೆ. ಜೋಡಿ ಆದ ಕೂಡಲೇ, ಹೊರಬಂದ ಶಕ್ತಿಯನ್ನು ಹೊತ್ತುಕೊಂಡು ಎಲೆಕ್ಟ್ರಾನ್ ಬಿಟ್ಟುಹೋಗುತ್ತದೆ. ಖರ್ಚಾಗುವುದಿಲ್ಲ. ಮೊಸರಾದ ಮೇಲೆ ತೊಟ್ಟು ತೆಗೆದುಹಾಕುತ್ತೇವಲ್ಲ, ಹಾಗೆ. ತುಂಬಾ ನಿಧಾನದ ದಾರಿ, ಆಗುವ ಅಣುಗಳೂ ಕಮ್ಮಿ. ಅನಿಲ ಅಷ್ಟೇನೂ ತಣ್ಣಗಾಗುವುದಿಲ್ಲ, ಇನ್ನೂರು ಕೆಲ್ವಿನ್, ಅಂದರೆ ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ, ನಿಂತುಬಿಡುತ್ತದೆ. ಅಷ್ಟು ಬಿಸಿ ಇರುವ ಅನಿಲವನ್ನು ಹಿಂಡಲು ಗುರುತ್ವಕ್ಕೆ ಹೆಚ್ಚು ತೂಕ ಬೇಕು, ಅದರಿಂದಲೇ ಮೊದಲ ನಕ್ಷತ್ರಗಳು ಭಾರಿ ಗಾತ್ರದವು ಆಗಿದ್ದಿರಬೇಕು ಅಂತ ಲೆಕ್ಕ ಹೇಳುತ್ತದೆ.

ಅಜ್ಜಿ ತಲೆಯಾಡಿಸಿದರು. "ತೊಟ್ಟು ಹಾಕಿದ ಮೊಸರು ಮೊದಲ ದಿನ ನೀರುನೀರಾಗೇ ಇರುತ್ತೆ. ಅದರಲ್ಲೊಂದು ಚಮಚ ಎತ್ತಿಟ್ಟು ಹಾಕಿದ್ರೆ, ಮಾರನೇ ದಿನದ್ದು ಗಟ್ಟಿ ಬರುತ್ತೆ."

ನಾನು ಚಿತ್ರಗಳನ್ನು ಹಿಂದಕ್ಕೆ ತಿರುವಿ ಐ ಜ್ವಿಕಿ 18 ಇದ್ದಲ್ಲಿ ನಿಲ್ಲಿಸಿದೆ. ಸುಮಾರು ಆರು ಕೋಟಿ ಜ್ಯೋತಿರ್ವರ್ಷ ದೂರದ ನೀಲಿ ಗ್ಯಾಲಕ್ಸಿ. ಅದರಲ್ಲಿರುವ ಹೆಪ್ಪು ಸೂರ್ಯನ ಮೂವತ್ತರಲ್ಲಿ ಒಂದು ಪಾಲಿನಷ್ಟು. ಇದು ಈಗ ತಾನೇ ಹುಟ್ಟಿದ ಗ್ಯಾಲಕ್ಸಿ, ಮೊದಲ ದಿನದ್ದೇ ಸಿಕ್ಕಿತು ಅಂತ ಎಷ್ಟೋ ಕಾಲ ಕೆಲವರು ಅಂದುಕೊಂಡಿದ್ದರು. 2007ರಲ್ಲಿ ಹಬಲ್ ದೂರದರ್ಶಕ ಅದರೊಳಗೆ ಮಂಕಾದ, ಹಳೆಯ ಕೆಂಪು ನಕ್ಷತ್ರಗಳನ್ನು ಕಂಡಿತು. ಅಲ್ಲಿಯೂ ನಿನ್ನೆ ಅನ್ನೋದು ಇತ್ತು. ತೊಟ್ಟು ಹಾಕಿದ ಮೊದಲ ದಿನದ ಗ್ಯಾಲಕ್ಸಿ ನಮ್ಮ ಆಸುಪಾಸಿನಲ್ಲಿ ಇದುವರೆಗೆ ಒಂದೂ ಸಿಕ್ಕಿಲ್ಲ. ಹುಡುಕುತ್ತಿದ್ದೇವೆ.